ಗಿರೀಂದ್ರಶೇಖರ ಬೋಸ್ ಮತ್ತು ವಿಷಯಿಯ ಪ್ರಶ್ನೆ

ಇಂಗ್ಲಿಷಿನ ಸಬ್ಜೆಕ್ಟ್ ಎಂಬ ಪದಕ್ಕೆ ಕನ್ನಡದಲ್ಲಿ ಸಮಾನವಾದ ಒಂದೇ ಪದವಿಲ್ಲ. ವ್ಯಾಕರಣದಲ್ಲಿ ಅದು ಕರ್ತೃ; ಪಾಠಪಟ್ಟಿಯಲ್ಲಿ ವಿಷಯ; ರಾಜ್ಯಶಾಸ್ತ್ರದಲ್ಲಿ ದೊರೆಗೆ ಅಧೀನನಾದ ಪ್ರಜೆ; ತತ್ತ್ವಶಾಸ್ತ್ರದಲ್ಲಿ ವಿಷಯವನ್ನು ತಿಳಿಯುವ ವಿಷಯಿ. ಮಾಡುವವನೂ ಮಾಡಿಸಿಕೊಳ್ಳುವವನೂ, ಅರಿಯುವವನೂ ಅಧೀನನೂ ಒಂದೇ ಪದದಲ್ಲಿ ಅಡಕವಾಗಿರುವುದು ಆಕಸ್ಮಿಕವಲ್ಲ. ಮನುಷ್ಯ ತನ್ನ ಮನಸ್ಸಿಗೆ ತಾನೇ ಒಡೆಯನೆಂದು ಭಾವಿಸಿದರೂ ತನಗೆ ತಿಳಿಯದ ಇಚ್ಛೆಗಳಿಗೆ ಅಧೀನನಾಗಿಯೇ ಬಾಳುತ್ತಾನೆಂಬುದು ಮನೋವಿಶ್ಲೇಷಣೆಯ ಮೂಲ ಪ್ರತಿಪಾದನೆ. ಈ ಶಾಸ್ತ್ರವನ್ನು ಭಾರತದಲ್ಲಿ ನೆಲೆಗೊಳಿಸಿದ ಗಿರೀಂದ್ರಶೇಖರ ಬೋಸರು ಈ ಪದದ ಎಲ್ಲ ಅರ್ಥಗಳನ್ನೂ ತಮ್ಮ ಬದುಕಿನಲ್ಲಿ ಎದುರಿಸಿದರು. ಅವರು ವಸಾಹತು ಪ್ರಭುತ್ವದ ಪ್ರಜೆ, ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ವಿಷಯದ ಅಧ್ಯಾಪಕ, ಮನಸ್ಸಿನ ವಿಷಯಿಯನ್ನು ಕುರಿತು ಫ್ರಾಯ್ಡ್‌ನಿಂದ ಭಿನ್ನವಾದ ಸಿದ್ಧಾಂತವನ್ನು ಮಂಡಿಸಿದ ಚಿಂತಕ. ಅವರ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಕನ್ನಡದ ವಿಮರ್ಶೆಗೂ ಉಪಯುಕ್ತವಾದ ಕೆಲಸ.

೧

ಗಿರೀಂದ್ರಶೇಖರರು ಹುಟ್ಟಿದ್ದು 1887ರ ಜನವರಿ 30ರಂದು. ತಂದೆ ಚಂದ್ರಶೇಖರ ಬೋಸರು ಬಿಹಾರದ ದರ್ಭಾಂಗಾ ಸಂಸ್ಥಾನದಲ್ಲಿ ದಿವಾನರಾಗಿದ್ದರು. ವೇದಾಂತದಲ್ಲಿ ಆಳವಾದ ಆಸಕ್ತಿಯುಳ್ಳವರು. ಮಕ್ಕಳಲ್ಲಿ ಗಿರೀಂದ್ರಶೇಖರರೇ ಕಿರಿಯರು. ಅವರ ಅಣ್ಣ ರಾಜಶೇಖರ ಬಸು ರಸಾಯನಶಾಸ್ತ್ರಜ್ಞರು. ಪರಶುರಾಮ ಎಂಬ ಕಾವ್ಯನಾಮದಿಂದ ಬಂಗಾಳಿ ಹಾಸ್ಯಸಾಹಿತ್ಯದಲ್ಲಿಯೂ, ಚಲಂತಿಕಾ ನಿಘಂಟಿನ ಮೂಲಕ ಭಾಷಾಕ್ಷೇತ್ರದಲ್ಲಿಯೂ ಪ್ರಸಿದ್ಧರಾದವರು. ವೇದಾಂತ, ವಿಜ್ಞಾನ ಮತ್ತು ಸಾಹಿತ್ಯ ಒಂದೇ ಮನೆಯಲ್ಲಿ ನೆಲೆಸಿದ್ದ ಈ ವಾತಾವರಣ ಗಿರೀಂದ್ರಶೇಖರರ ಮುಂದಿನ ಚಿಂತನೆಯನ್ನು ರೂಪಿಸಿತು.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ವಿಜ್ಞಾನವನ್ನು ಅಭ್ಯಸಿಸಿದರು. ಅನಂತರ ವೈದ್ಯಶಾಸ್ತ್ರವನ್ನು ಓದಿ 1910ರಲ್ಲಿ ಪದವಿ ಪಡೆದು ವೃತ್ತಿಯನ್ನಾರಂಭಿಸಿದರು. ವಿದ್ಯಾರ್ಥಿದೆಸೆಯಿಂದಲೂ ಅವರಿಗೆ ಇಂದ್ರಜಾಲ ಮತ್ತು ಸಂಮೋಹನ ವಿದ್ಯೆಗಳಲ್ಲಿ ಕುತೂಹಲವಿತ್ತು. ಸಂಮೋಹನವನ್ನು ಚಿಕಿತ್ಸೆಯಲ್ಲಿ ಬಳಸಿ ನೋಡಿದಾಗ, ದೇಹದ ಮೇಲೆ ಕಾಣಿಸಿಕೊಳ್ಳುವ ಎಷ್ಟೋ ವ್ಯಾಧಿಗಳ ಬೇರು ಬೇರೆಡೆಯಲ್ಲಿದೆಯೆಂಬುದು ಅವರಿಗೆ ಮನವರಿಕೆಯಾಯಿತು. ಆಗ ಫ್ರಾಯ್ಡ್‌ನ ಹೆಸರು ಭಾರತದಲ್ಲಿ ಹೆಚ್ಚು ಪರಿಚಿತವಾಗಿರಲಿಲ್ಲ. ಇಂಗ್ಲಿಷ್ ನಿಯತಕಾಲಿಕೆಗಳ ಲೇಖನಗಳಿಂದ ಮೊದಲು ಸ್ಥೂಲ ಪರಿಚಯವೂ, ಅನುವಾದಗಳು ದೊರೆತಮೇಲೆ ನಿಕಟ ಪರಿಚಯವೂ ಆಯಿತು. ತಾವು ಸ್ವತಂತ್ರವಾಗಿ ಕಂಡುಕೊಂಡೆವೆಂದು ಭಾವಿಸಿದ್ದ ಕೆಲವು ತತ್ತ್ವಗಳನ್ನು ವಿಯೆನ್ನಾದ ವೈದ್ಯರು ಮೊದಲೇ ನಿರೂಪಿಸಿದ್ದಾರೆಂಬುದನ್ನು ಬೋಸರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆದರೆ ಈ ಒಪ್ಪಿಗೆಯಲ್ಲಿ ಶಿಷ್ಯವೃತ್ತಿಯಿರಲಿಲ್ಲ.

ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರ ಸುಮಾರಿಗೆ ಪ್ರಾಯೋಗಿಕ ಮನಶ್ಶಾಸ್ತ್ರದ ಸ್ನಾತಕೋತ್ತರ ಬೋಧನೆ ಪ್ರಾರಂಭವಾಯಿತು. ಹಾರ್ವರ್ಡಿನಲ್ಲಿ ತರಬೇತಿ ಪಡೆದು ಬಂದಿದ್ದ ನರೇಂದ್ರನಾಥ ಸೇನ್‌ಗುಪ್ತರು ಅದರ ನೇತೃತ್ವ ವಹಿಸಿದ್ದರು. ವೃತ್ತಿನಿರತ ವೈದ್ಯರಾಗಿದ್ದ ಬೋಸರು ಮತ್ತೆ ವಿದ್ಯಾರ್ಥಿಯಾಗಿ ಸೇರಿ 1917ರಲ್ಲಿ ಸ್ನಾತಕೋತ್ತರ ಪದವಿ ಪಡೆದರು, ಅಲ್ಲಿಯೇ ಅಧ್ಯಾಪಕರಾದರು. ದಮನದ ಪರಿಕಲ್ಪನೆಯನ್ನು ಕುರಿತ ಅವರ ಪ್ರಬಂಧಕ್ಕೆ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿತು. 1921ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು. ಯಾವ ಯೂರೋಪಿಯನ್ ವಿಶ್ಲೇಷಕನ ಬಳಿಯೂ ಮಲಗಿ ಮಾತನಾಡದ, ಯೂರೋಪಿಗೆ ಕಾಲಿಡದ ವೈದ್ಯರೊಬ್ಬರು ಬರೆದ ಗ್ರಂಥವದು.

೨

ಬೋಸರು ತಮ್ಮ ಪುಸ್ತಕದ ಪ್ರತಿಯನ್ನು ಫ್ರಾಯ್ಡ್‌ಗೆ ಕಳುಹಿಸಿದರು. ಅಷ್ಟು ದೂರದ ದೇಶದಲ್ಲಿ ತನ್ನ ಶಾಸ್ತ್ರಕ್ಕೆ ಇಂಥ ಓದುಗನೊಬ್ಬ ದೊರೆತದ್ದು ಫ್ರಾಯ್ಡ್‌ಗೆ ಸಂತೋಷವನ್ನೂ ಅಚ್ಚರಿಯನ್ನೂ ತಂದಿತು. ಅಲ್ಲಿಂದ ಮುಂದೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು. ಅವರು ಒಮ್ಮೆಯೂ ಭೇಟಿಯಾಗಲಿಲ್ಲ. ಮೊದಲ ವರ್ಷಗಳಲ್ಲಿ ನಡೆದ ಒಂದು ಪ್ರಸಂಗ ಈ ಸಂಬಂಧದ ಸ್ವರೂಪವನ್ನು ತಿಳಿಸುತ್ತದೆ. ಬೋಸರ ಮಿತ್ರರಾದ ಕಲಾವಿದ ಯತೀಂದ್ರಕುಮಾರ ಸೇನರು ಫ್ರಾಯ್ಡ್‌ನನ್ನು ಕಾಣದೆ, ಕೇವಲ ಕಲ್ಪನೆಯಿಂದ ಅವನ ಭಾವಚಿತ್ರವೊಂದನ್ನು ರಚಿಸಿದರು. ಬೋಸರು ಅದನ್ನು ವಿಯೆನ್ನಾಕ್ಕೆ ಕಳುಹಿಸಿದರು. ಚಿತ್ರವು ತನಗಿಂತ ಬಹಳ ಸುಂದರವಾಗಿದೆಯೆಂದು ಫ್ರಾಯ್ಡ್ ವಿನೋದದಿಂದ ಉತ್ತರಿಸಿದ. ಒಬ್ಬ ವ್ಯಕ್ತಿಯನ್ನು ಅವನ ಬರಹದಿಂದಷ್ಟೇ ಊಹಿಸಿ ಚಿತ್ರಿಸಬಹುದೆಂಬ ಧೈರ್ಯ ಕಲ್ಕತ್ತೆಯ ಈ ಮಿತ್ರವೃಂದಕ್ಕಿತ್ತು.

1922ರಲ್ಲಿ ಪಾರ್ಸಿಬಾಗಾನ್ ಲೇನಿನ 14ನೆಯ ಸಂಖ್ಯೆಯ ತಮ್ಮ ಮನೆಯಲ್ಲಿಯೇ ಬೋಸರು ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಅದು ಶೀಘ್ರದಲ್ಲಿಯೇ ಅಂತಾರಾಷ್ಟ್ರೀಯ ಸಂಘದ ಅಂಗಸಂಸ್ಥೆಯಾಗಿ ಮನ್ನಣೆ ಪಡೆಯಿತು. ಅಂದಿನಿಂದ ಕೊನೆಯವರೆಗೂ ಬೋಸರೇ ಅದರ ಅಧ್ಯಕ್ಷರಾಗಿದ್ದರು. ಸದಸ್ಯರಲ್ಲಿ ಕಾಲೇಜು ಅಧ್ಯಾಪಕರೂ ವೈದ್ಯರೂ ಇದ್ದರು. ಇಬ್ಬರು ಬ್ರಿಟಿಷ್ ಅಧಿಕಾರಿಗಳೂ ಇದ್ದರು. ರಾಂಚಿಯ ಯೂರೋಪಿಯನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಓವೆನ್ ಬರ್ಕ್ಲಿ-ಹಿಲ್ ಮತ್ತು ಸೇನಾಧಿಕಾರಿ ಕ್ಲಾಡ್ ಡೇಲಿ ಇವರೇ ಅವರು.

ಈ ಇಬ್ಬರ ಬರಹಗಳನ್ನು ಗಮನಿಸದೆ ಬೋಸರ ಸಿದ್ಧಾಂತದ ಮಹತ್ತ್ವ ಪೂರ್ತಿಯಾಗಿ ತಿಳಿಯದು. ಬರ್ಕ್ಲಿ-ಹಿಲ್ ಹಿಂದೂಗಳ ಧರ್ಮ, ದರ್ಶನ ಮತ್ತು ಸ್ವಭಾವಗಳನ್ನು ಶೈಶವದ ಮಲಸಂಬಂಧಿ ಪ್ರವೃತ್ತಿಗಳಿಂದ ವಿವರಿಸಲು ಯತ್ನಿಸಿದರು. ಡೇಲಿಯವರು ಹಿಂದೂ ಪುರಾಣಗಳನ್ನು ಶಿಶ್ನಚ್ಛೇದಭೀತಿಯ ಬೆಳಕಿನಲ್ಲಿ ವ್ಯಾಖ್ಯಾನಿಸಿದರು. 1930ರಲ್ಲಿ ಪ್ರಕಟಿಸಿದ ಬರಹದಲ್ಲಿ ಕ್ರಾಂತಿಕಾರಿ ಪ್ರವೃತ್ತಿಯನ್ನೇ ಒಂದು ಮಾನಸಿಕ ಲಕ್ಷಣವಾಗಿ ಕಂಡರು. ಇಲ್ಲಿ ವಿಶ್ಲೇಷಿಸುವವನು ಯೂರೋಪಿಯನ್; ವಿಶ್ಲೇಷಣೆಗೆ ಒಳಗಾಗುವವನು ಭಾರತೀಯ. ಒಬ್ಬನು ವಿಷಯಿ, ಇನ್ನೊಬ್ಬನು ಕೇವಲ ವಿಷಯ. ಸಾಮ್ರಾಜ್ಯದ ಪ್ರಜೆ ಎಂದೂ ಬಾಲ್ಯವನ್ನು ದಾಟದವನೆಂಬ ಧೋರಣೆಗೆ ಶಾಸ್ತ್ರದ ಬೆಂಬಲ ದೊರೆಯತೊಡಗಿತ್ತು. ಬೋಸರು ರಾಜಕೀಯ ಚಳವಳಿಗೆ ಇಳಿದವರಲ್ಲ. ತಮ್ಮ ಸಂಘದ ಈ ಸದಸ್ಯರೊಡನೆ ಬಹಿರಂಗ ವಾಗ್ವಾದಕ್ಕೂ ತೊಡಗಲಿಲ್ಲ. ಆದರೂ ಅವರ ಸಿದ್ಧಾಂತ ವಿಷಯ ಮತ್ತು ವಿಷಯಿಗಳ ಈ ಶಾಶ್ವತ ವಿಂಗಡಣೆಯನ್ನು ಬುಡದಲ್ಲಿಯೇ ಅಲುಗಿಸಿತು.

೩

ಫ್ರಾಯ್ಡ್ ಪ್ರಕಾರ ಇಚ್ಛೆಯೊಂದನ್ನು ಅಜ್ಞಾತಕ್ಕೆ ತಳ್ಳುವ ಶಕ್ತಿ ಅಹಂ ಮತ್ತು ಅದರ ಮೇಲೆ ಕುಳಿತ ನೈತಿಕ ನಿಷೇಧಗಳಿಂದ ಬರುತ್ತದೆ. ಆ ನಿಷೇಧಗಳ ಮೂಲ ಹೊರಗಿನ ಅಧಿಕಾರ, ಮುಖ್ಯವಾಗಿ ತಂದೆಯ ಬೆದರಿಕೆ. ಬೋಸರು ದಮನದ ಕಾರಣವನ್ನು ಇಚ್ಛೆಯ ರಚನೆಯಲ್ಲಿಯೇ ಗುರುತಿಸಿದರು. ಪ್ರತಿಯೊಂದು ಇಚ್ಛೆಯೂ ತನ್ನ ವಿರುದ್ಧವಾದ ಇಚ್ಛೆಯೊಡನೆ ಜೋಡಿಯಾಗಿಯೇ ಹುಟ್ಟುತ್ತದೆಯೆಂಬುದು ಅವರ ಪ್ರಮೇಯ. ಹೊಡೆಯಬೇಕೆಂಬ ಇಚ್ಛೆಯೊಡನೆ ಹೊಡೆಸಿಕೊಳ್ಳಬೇಕೆಂಬ ಇಚ್ಛೆಯೂ, ನೋಡಬೇಕೆಂಬ ಇಚ್ಛೆಯೊಡನೆ ನೋಡಲ್ಪಡಬೇಕೆಂಬ ಇಚ್ಛೆಯೂ ಇರುತ್ತವೆ. ಎರಡೂ ಏಕಕಾಲದಲ್ಲಿ ಪ್ರಜ್ಞೆಗೆ ಬರಲಾರವು. ಒಂದು ಮೇಲಕ್ಕೆ ಬಂದಾಗ ಇನ್ನೊಂದು ಕೆಳಗೆ ಉಳಿಯುತ್ತದೆ. ಹಾಗೆ ಉಳಿದದ್ದೇ ದಮಿತವಾದದ್ದು.

ಇದರ ಹಿಂದಿನ ತರ್ಕ ಸೂಕ್ಷ್ಮವಾದದ್ದು. ಯಾವ ಕ್ರಿಯೆಗೂ ಒಬ್ಬ ಕರ್ತೃ ಮತ್ತು ಒಂದು ಕರ್ಮ ಬೇಕು. ಕರ್ತೃವು ಕರ್ಮಸ್ಥಾನದಲ್ಲಿರುವ ಇನ್ನೊಬ್ಬನನ್ನು ಅರಿಯಬೇಕಾದರೆ, ಅಜ್ಞಾತವಾಗಿಯಾದರೂ ತಾನು ಅವನ ಸ್ಥಾನದಲ್ಲಿ ನಿಲ್ಲಬೇಕು. ಆ ತಾದಾತ್ಮ್ಯವಿಲ್ಲದೆ ಎದುರಿಗಿರುವವನ ಅನುಭವ ಅರ್ಥವಾಗದು. ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕರ್ತರಿ ಪ್ರಯೋಗದ ಪ್ರತಿಯೊಂದು ವಾಕ್ಯದ ಹಿಂದೆಯೂ ಅದರ ಕರ್ಮಣಿ ರೂಪ ಅಡಗಿದೆ. ಹೀಗೆ ಬೋಸರ ವಿಷಯಿ ಒಂಟಿಯಲ್ಲ, ಅಖಂಡವೂ ಅಲ್ಲ. ಅದು ತನ್ನ ವಿಷಯದೊಡನೆ ನಿರಂತರವಾಗಿ ಸ್ಥಾನ ಬದಲಿಸಿಕೊಳ್ಳುವ ಒಂದು ನೆಲೆ.

ಚಿಕಿತ್ಸೆಯಲ್ಲಿಯೂ ಅವರು ಈ ತತ್ತ್ವವನ್ನು ಅನ್ವಯಿಸಿದರು. ರೋಗಿಯು ಒಂದು ಸನ್ನಿವೇಶದಲ್ಲಿ ತನ್ನ ಪಾತ್ರವನ್ನು ಹೇಳಿಕೊಂಡಾಗ, ಅದೇ ಸನ್ನಿವೇಶದಲ್ಲಿ ಎದುರಾಳಿಯ ಪಾತ್ರವನ್ನು ಕಲ್ಪಿಸಿಕೊಳ್ಳುವಂತೆ ಅವನನ್ನು ಪ್ರೇರಿಸುತ್ತಿದ್ದರು. ಮಕ್ಕಳಾಡುವ ಏತದ ಹಲಗೆಯಂತೆ ಮನಸ್ಸು ಒಮ್ಮೆ ಈ ತುದಿಗೂ ಒಮ್ಮೆ ಆ ತುದಿಗೂ ವಾಲುತ್ತ ಕ್ರಮೇಣ ಎರಡೂ ಇಚ್ಛೆಗಳನ್ನು ಗುರುತಿಸಿ ಸಮಸ್ಥಿತಿಗೆ ಬರುತ್ತದೆಯೆಂಬುದು ಅವರ ಅನುಭವ. ಫ್ರಾಯ್ಡ್‌ನ ಪದ್ಧತಿಯಲ್ಲಿ ವಿಶ್ಲೇಷಕ ಬಹುಮಟ್ಟಿಗೆ ಮೌನಿ. ಬೋಸರ ಪದ್ಧತಿಯಲ್ಲಿ ಅವನು ದಾರಿ ತೋರುವವನು. ರೋಗಿಯ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆಯಾಗದೇ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಇನ್ನೊಬ್ಬನ ಸ್ಥಾನದಲ್ಲಿ ನಿಲ್ಲುವುದನ್ನು ಗುರುಸ್ಥಾನದಲ್ಲಿರುವವನೇ ಕಲಿಸುವುದರಲ್ಲಿ ಒಂದು ವಿರೋಧಾಭಾಸವೂ ಇದೆ.

ಬೋಸರು ಫ್ರಾಯ್ಡ್‌ನಿಂದ ದೂರ ಸರಿದದ್ದು ಈಡಿಪಸ್ ಪ್ರಕರಣದಲ್ಲಿ. ಫ್ರಾಯ್ಡ್ ಮತದಲ್ಲಿ ಗಂಡುಮಗು ತಂದೆಯ ಬೆದರಿಕೆಗೆ ಅಂಜಿ ತಾಯಿಯ ಮೇಲಿನ ಆಸೆಯನ್ನು ಬಿಡುತ್ತದೆ. ಆ ಶರಣಾಗತಿಯಿಂದ ನೈತಿಕ ವಿಷಯಿ ರೂಪುಗೊಳ್ಳುತ್ತದೆ. 1929ರ ಪತ್ರಗಳಲ್ಲಿ ಬೋಸರು ತಮ್ಮ ಭಾರತೀಯ ರೋಗಿಗಳಲ್ಲಿ ಆ ಭೀತಿ ಯೂರೋಪಿನವರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲವೆಂದೂ, ಹೆಣ್ಣಾಗಬೇಕೆಂಬ ಗಂಡಸಿನ ಇಚ್ಛೆ ಹೆಚ್ಚು ಸುಲಭವಾಗಿ ಹೊರಬರುತ್ತದೆಯೆಂದೂ ತಿಳಿಸಿದರು. ಭೀತಿಯ ಬೇರು ಆ ಇಚ್ಛೆಯಲ್ಲಿಯೇ ಇದೆಯೆಂಬುದು ಅವರ ವಾದ. ಮಗು ಮೊದಲು ತಾಯಿಯೊಡನೆ ತಾದಾತ್ಮ್ಯ ಹೊಂದುತ್ತದೆ. ಅದರ ಕಲ್ಪನೆಯಲ್ಲಿ ತಂದೆತಾಯಿಯರ ರೂಪಗಳು ಎಷ್ಟೋ ವೇಳೆ ಬೆರೆತೇ ಇರುತ್ತವೆ. ಆದುದರಿಂದ ಬಿಡುಗಡೆ ದೊರೆಯುವುದು ತಂದೆಗೆ ಮಣಿಯುವುದರಿಂದಲ್ಲ. ಅವನನ್ನು ಎದುರಿಸಿ, ಕಲ್ಪನೆಯಲ್ಲಿ ಅವನನ್ನೂ ತನ್ನ ಇಚ್ಛೆಗೆ ವಿಷಯವನ್ನಾಗಿಸಿಕೊಳ್ಳುವ ಸಾಮರ್ಥ್ಯದಿಂದ. ಪರಾಧೀನ ದೇಶವೊಂದರ ವೈದ್ಯರು ಶರಣಾಗತಿಯ ಬದಲು ಸಂಘರ್ಷವನ್ನು ಪ್ರೌಢತೆಯ ಹಾದಿಯೆಂದು ಕಂಡದ್ದು ಅರ್ಥಪೂರ್ಣವಾಗಿದೆ.

ಫ್ರಾಯ್ಡ್ ಈ ಬರಹಗಳನ್ನು ಗಮನವಿಟ್ಟು ಓದಿದ. ವಿರುದ್ಧ ಇಚ್ಛೆಗಳ ವಿಚಾರವನ್ನು ತಾವು ಸಾಕಷ್ಟು ಪರಿಗಣಿಸಿಲ್ಲವೆಂದು ಒಪ್ಪಿದರೂ, ಈ ಸಿದ್ಧಾಂತ ಮನಸ್ಸಿನ ಚಲನಶಕ್ತಿಗಿಂತ ಅದರ ಆಕೃತಿಯನ್ನು ಹೆಚ್ಚಾಗಿ ವಿವರಿಸುತ್ತದೆಯೆಂಬ ಸಂದೇಹವನ್ನು ಉಳಿಸಿಕೊಂಡ. ಆ ಸಂದೇಹ ನಿರಾಧಾರವಲ್ಲ. ಎರಡು ಇಚ್ಛೆಗಳು ಸಮಬಲವಾಗಿದ್ದರೆ ಒಂದು ಮಾತ್ರ ಯಾಕೆ ಕೆಳಗೆ ಉಳಿಯುತ್ತದೆಂಬ ಪ್ರಶ್ನೆಗೆ ಬೋಸರಲ್ಲಿ ತೃಪ್ತಿಕರವಾದ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಗೌರವ ಎರಡೂ ಕಡೆ ಉಳಿಯಿತು, ಭಿನ್ನಾಭಿಪ್ರಾಯವೂ ಉಳಿಯಿತು. 1931ರಲ್ಲಿ ಫ್ರಾಯ್ಡ್‌ನ 75ನೆಯ ಹುಟ್ಟುಹಬ್ಬದ ನೆನಪಿಗೆ ಕಲ್ಕತ್ತೆಯ ಸಂಘ ತಿರುವಾಂಕೂರಿನ ಮಾದರಿಯ ದಂತದ ವಿಷ್ಣುಮೂರ್ತಿಯೊಂದನ್ನು ಕಳುಹಿಸಿತು. ಅನಂತನ ಸುರುಳಿಯ ಮೇಲೆ ಕುಳಿತ ಆ ಮೂರ್ತಿ ಫ್ರಾಯ್ಡ್‌ನ ಬರೆಯುವ ಮೇಜಿನ ಮೇಲೆ ಸ್ಥಾನ ಪಡೆಯಿತು. ವಿಯೆನ್ನಾದ ಹವೆಗೆ ದಂತದಲ್ಲಿ ಬಿರುಕುಗಳು ಕಾಣಿಸಿಕೊಂಡವು. 1938ರಲ್ಲಿ ನಾಟ್ಸಿಗಳ ಕಾರಣದಿಂದ ಫ್ರಾಯ್ಡ್ ಲಂಡನ್ನಿಗೆ ವಲಸೆ ಹೋದಾಗ ಮೂರ್ತಿಯೂ ಜೊತೆಗೆ ಹೋಯಿತು.

೪

ಬೋಸರು 1929ರಿಂದ ಎರಡು ದಶಕಗಳ ಕಾಲ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಇಂಗ್ಲಿಷಿನಲ್ಲಿ ಬರೆದಷ್ಟೇ ಶ್ರದ್ಧೆಯಿಂದ ಬಂಗಾಳಿಯಲ್ಲಿಯೂ ಬರೆದರು. ಸ್ವಪ್ನವನ್ನು ಕುರಿತ ಗ್ರಂಥ, ಪುರಾಣಗಳ ಕಾಲನಿರ್ಣಯವನ್ನು ಕುರಿತ ಪುರಾಣಪ್ರವೇಶ, ಭಗವದ್ಗೀತೆಯ ವ್ಯಾಖ್ಯಾನ, ಮಕ್ಕಳಿಗಾಗಿ ಇರುವೆಗಳ ಯುದ್ಧದ ಕಥೆ, ಇವೆಲ್ಲ ಅವರ ಲೇಖನಿಯಿಂದ ಬಂದವು. ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಲು ಹೊರಟಾಗ ಪರಿಭಾಷೆಯ ತೊಡಕನ್ನು ಅವರು ಸ್ವತಃ ಎದುರಿಸಿದರು. ಆದರೆ ಭಾರತೀಯ ದರ್ಶನಗಳಲ್ಲಿ ಆ ಪದಗಳಿಗೆ ಇದ್ದ ಇತಿಹಾಸ ಅವರಿಗೆ ಸಹಾಯಕವಾಯಿತು. ಶಂಕರರ ಬ್ರಹ್ಮಸೂತ್ರಭಾಷ್ಯ ಆರಂಭವಾಗುವುದೇ ವಿಷಯ ಮತ್ತು ವಿಷಯಿಗಳ ಭೇದದ ಚರ್ಚೆಯಿಂದ. ಇವೆರಡನ್ನು ಒಂದರ ಮೇಲೊಂದು ಆರೋಪಿಸುವ ಅಧ್ಯಾಸವೇ ಅಲ್ಲಿ ಅವಿದ್ಯೆ. ಬೋಸರ ಸಿದ್ಧಾಂತದಲ್ಲಿ ಅದೇ ಸ್ಥಾನವಿನಿಮಯ ಮನಸ್ಸಿನ ಸಹಜ ಧರ್ಮವಾಗುತ್ತದೆ. ವೇದಾಂತಿ ನಿವಾರಿಸಲೆತ್ನಿಸಿದ್ದನ್ನು ವೈದ್ಯರು ಚಿಕಿತ್ಸೆಯ ಸಾಧನವನ್ನಾಗಿ ಮಾಡಿಕೊಂಡರು.

1940ರಲ್ಲಿ ಕಲ್ಕತ್ತೆಯ ತಿಲ್ಜಲಾದಲ್ಲಿ, ಅಣ್ಣ ರಾಜಶೇಖರರ ನೆರವಿನಿಂದ, ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆ ಆರಂಭವಾಯಿತು. ಕವಿ ಕಾಜಿ ನಜ್ರುಲ್ ಇಸ್ಲಾಂ ಅವರು 1942ರಲ್ಲಿ ವಾಕ್ಶಕ್ತಿಯನ್ನೂ ಸ್ಮೃತಿಯನ್ನೂ ಕಳೆದುಕೊಳ್ಳತೊಡಗಿದಾಗ ಕೆಲವು ತಿಂಗಳು ಅಲ್ಲಿ ಚಿಕಿತ್ಸೆ ಪಡೆದರು. ಗುಣ ಕಾಣಲಿಲ್ಲ. 1953ರಲ್ಲಿ ವಿಯೆನ್ನಾದ ವೈದ್ಯರು ಅವರನ್ನು ಪರೀಕ್ಷಿಸಿ, ಅದು ಮಿದುಳಿನ ಕ್ಷಯದಿಂದ ಬರುವ ಅಸಾಧ್ಯ ವ್ಯಾಧಿಯೆಂದು ನಿರ್ಣಯಿಸಿದರು. ಮಾತಿನ ಮೂಲಕ ನಡೆಯುವ ಚಿಕಿತ್ಸೆ ಮಾತೇ ನಂದಿಹೋದ ಕವಿಯ ಮುಂದೆ ನಿರುಪಾಯವಾಗಿ ನಿಲ್ಲಬೇಕಾಯಿತು. ವಿಷಯಿಯನ್ನು ಕುರಿತ ಯಾವ ಸಿದ್ಧಾಂತವೂ ದೇಹವನ್ನು ಮರೆಯುವಂತಿಲ್ಲವೆಂಬುದಕ್ಕೆ ಇದೊಂದು ಕಠೋರ ನಿದರ್ಶನ.

ಸಂಘದ ಪತ್ರಿಕೆ ಸಮೀಕ್ಷಾ 1947ರಲ್ಲಿ ಪ್ರಾರಂಭವಾಯಿತು. ಮಕ್ಕಳಿಗಾಗಿ ಬೋಧಾಯನವೆಂಬ ಶಾಲೆಯೂ ರೂಪುಗೊಂಡಿತು. ಬೋಸರು 1953ರ ಜೂನ್ 3ರಂದು ನಿಧನರಾದರು. ಅವರ ಪ್ರಭಾವ ಬಹುಮಟ್ಟಿಗೆ ಕಲ್ಕತ್ತೆಯ ಸುಶಿಕ್ಷಿತ ಮಧ್ಯಮವರ್ಗದ ಪರಿಧಿಯಲ್ಲಿ ಉಳಿಯಿತು. ಭಾರತೀಯ ರೋಗಿಯೆಂದು ಅವರು ಸಾಮಾನ್ಯೀಕರಿಸಿದ್ದು ಮುಖ್ಯವಾಗಿ ಆ ವರ್ಗದ ಪುರುಷನನ್ನೇ ಎಂಬ ಮಿತಿಯನ್ನೂ ಗಮನಿಸಬೇಕು.

೫

ಬೋಸರು ತೀರಿಕೊಂಡ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಜಾಕ್ ಲಕಾನ್ ರೋಮಿನಲ್ಲಿ ಮಂಡಿಸಿದ ಪ್ರಬಂಧ ಮನೋವಿಶ್ಲೇಷಣೆಯನ್ನು ಭಾಷೆಯ ನೆಲೆಗೆ ತಂದಿತು. ವಿಷಯಿ ಎಂಬ ಪರಿಭಾಷೆ ಈ ಶಾಸ್ತ್ರದ ಕೇಂದ್ರಕ್ಕೆ ಬಂದದ್ದು ಅವನಿಂದಲೇ. ಫ್ರಾಯ್ಡ್ ಅಹಂ, ಇಚ್ಛೆ, ಅಜ್ಞಾತಗಳ ಮಾತನಾಡಿದ್ದನೇ ಹೊರತು ವಿಷಯಿಯನ್ನು ಪ್ರಧಾನ ಪರಿಕಲ್ಪನೆಯಾಗಿ ಬೆಳೆಸಿರಲಿಲ್ಲ. ಲಕಾನ್ ದೃಷ್ಟಿಯಲ್ಲಿ ವಿಷಯಿ ಭಾಷೆಯಿಂದ ರೂಪುಗೊಂಡದ್ದು, ಹುಟ್ಟಿನಿಂದಲೇ ಒಡೆದದ್ದು, ಇನ್ನೊಬ್ಬರ ಮಾತಿನಲ್ಲಿ ತನ್ನ ಸ್ಥಾನವನ್ನು ಹುಡುಕುವಂಥದು. ಬೋಸರಲ್ಲಿಯೂ ಅದು ಒಡೆದದ್ದೇ. ಆದರೆ ಅಲ್ಲಿನ ಒಡಕು ಕೊರತೆಯಲ್ಲ, ಜೋಡಣೆ. ಲಕಾನ್‌ನ ವಿಷಯಿ ಎಂದೂ ತುಂಬದ ಅಭಾವದ ಸುತ್ತ ತಿರುಗಿದರೆ, ಬೋಸರದು ತಾನು ಬಿಟ್ಟುಬಂದ ಇನ್ನೊಂದು ತುದಿಗೆ ಮರಳಿ ಅದನ್ನು ತನ್ನದೆಂದು ಒಪ್ಪಿಕೊಳ್ಳಬಲ್ಲದು. ಒಬ್ಬನಲ್ಲಿ ಸಮನ್ವಯ ಅಸಾಧ್ಯ. ಇನ್ನೊಬ್ಬರಲ್ಲಿ ಅದು ಗುರಿ.

ಕನ್ನಡದಲ್ಲಿ ಈ ಶಾಸ್ತ್ರ ಬಂದದ್ದು ಬೇರೆ ಮಾರ್ಗದಿಂದ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಕಲಿತ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. ಡಾ. ಎಂ. ಶಿವರಾಂ ಅವರ ಮನಮಂಥನ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಮನ್ನಣೆ ಪಡೆದು, ಮನೋವ್ಯಾಧಿಗಳ ವಿಚಾರವನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು. ಶಾಂತಿನಾಥ ದೇಸಾಯಿಯವರ ಮುಕ್ತಿ, ಯಶವಂತ ಚಿತ್ತಾಲರ ಶಿಕಾರಿ ಮೊದಲಾದ ಕಾದಂಬರಿಗಳು ತನ್ನ ಪ್ರೇರಣೆಗಳೇ ತನಗೆ ಅಪರಿಚಿತವಾದ ವ್ಯಕ್ತಿಯನ್ನು ಚಿತ್ರಿಸಿದವು. ಇವುಗಳ ವಿಮರ್ಶೆಯಲ್ಲಿ ಫ್ರಾಯ್ಡ್, ಯೂಂಗರ ಹೆಸರುಗಳು ಮತ್ತೆ ಮತ್ತೆ ಬಂದವು. ಬೋಸರ ಹೆಸರು ಬರಲಿಲ್ಲ. ಆಶೀಶ್ ನಂದಿ, ಸುಧೀರ್ ಕಕ್ಕರ್ ಮತ್ತು ಜರ್ಮನಿಯ ಕ್ರಿಸ್ಟಿಯಾನ್ ಹಾರ್ಟ್‌ನಾಕ್ ಅವರ ಅಧ್ಯಯನಗಳು ಅವರನ್ನು ಮತ್ತೆ ಚರ್ಚೆಗೆ ತರಬೇಕಾಯಿತು.

ಕನ್ನಡದ ಪರಂಪರೆಯಲ್ಲಿ ಬೋಸರನ್ನು ಪರೀಕ್ಷಿಸಲು ಸಾಮಗ್ರಿಯ ಕೊರತೆಯಿಲ್ಲ. ಶರಣಸತಿ ಲಿಂಗಪತಿ ಭಾವದಲ್ಲಿ ಗಂಡಾಗಿ ಹುಟ್ಟಿದ ವಚನಕಾರನೂ ತನ್ನನ್ನು ಹೆಣ್ಣಾಗಿ ಕಾಣುತ್ತಾನೆ. ಅದನ್ನು ರೋಗಲಕ್ಷಣವೆನ್ನುವುದು ಬರ್ಕ್ಲಿ-ಹಿಲ್ ಮತ್ತು ಡೇಲಿಯವರ ತಪ್ಪನ್ನೇ ಪುನರಾವರ್ತಿಸಿದಂತಾಗುತ್ತದೆ. ಕೇವಲ ರೂಪಕವೆನ್ನುವುದು ಅನುಭವವನ್ನು ಅಲಂಕಾರಶಾಸ್ತ್ರಕ್ಕೆ ಒಪ್ಪಿಸಿ ಕೈತೊಳೆದುಕೊಂಡಂತೆ. ಬೋಸರ ಸಿದ್ಧಾಂತ ಇವೆರಡರ ನಡುವೆ ಒಂದು ದಾರಿಯನ್ನು ಸೂಚಿಸುತ್ತದೆ. ಇನ್ನೊಬ್ಬರ ಸ್ಥಾನದಲ್ಲಿ ನಿಲ್ಲುವ ಇಚ್ಛೆ ಎಲ್ಲ ಮನುಷ್ಯರಲ್ಲಿಯೂ ಇದೆ. ಸಾಮಾನ್ಯರಲ್ಲಿ ಅದು ಮರೆಯಾಗಿರುತ್ತದೆ, ಭಕ್ತನಲ್ಲಿ ಸಾಧನೆಯ ರೂಪ ತಳೆಯುತ್ತದೆ.

ಈ ಪ್ರಶ್ನೆ ಗ್ರಂಥಗಳಿಗಷ್ಟೇ ಸಂಬಂಧಿಸಿದ್ದಲ್ಲ. ಪುಣೆಯ ದಕ್ಷಿಣ ಭಾಗದಲ್ಲಿ ಸಾತಾರಾ ರಸ್ತೆಯ ಧನಕವಡಿಯಲ್ಲಿ 1947ರಲ್ಲಿ ಸಮಾಧಿಸ್ಥರಾದ ಶಂಕರ ಮಹಾರಾಜರ ಮಠವಿದೆ. ಅದೇ ಪರಿಸರದಲ್ಲಿ 1989ರಲ್ಲಿ ಆರಂಭವಾದ ಭಾರತಿ ವಿದ್ಯಾಪೀಠದ ವೈದ್ಯಕೀಯ ಕಾಲೇಜೂ ಇದೆ. ಒಂದು ಕಡೆ ದುಃಖಿತನು ಕೃಪೆಗೆ ಪಾತ್ರನಾಗಬೇಕಾದ ಭಕ್ತ. ಇನ್ನೊಂದು ಕಡೆ ಪರೀಕ್ಷೆಗೆ ಒಳಗಾಗಬೇಕಾದ ರೋಗಿ. ಇಂಥ ಎರಡು ಬಾಗಿಲುಗಳು ಅಕ್ಕಪಕ್ಕದಲ್ಲಿರುವ ಊರುಗಳು ಕರ್ನಾಟಕದಲ್ಲಿಯೂ ಬೇಕಾದಷ್ಟಿವೆ. ಎರಡನ್ನೂ ತಟ್ಟುವವರು ಎಷ್ಟೋ ವೇಳೆ ಒಬ್ಬರೇ. ಇವೆರಡರ ನಡುವೆ, ತನ್ನ ದುಃಖವನ್ನು ತಾನೇ ಹೇಳಿ ತಾನೇ ಅರಿಯುವ ಕರ್ತೃವಾಗಿ ಆ ಮನುಷ್ಯನಿಗೆ ಒಂದು ಸ್ಥಳವಿರಬೇಕೆಂಬುದು ಪಾರ್ಸಿಬಾಗಾನಿನ ವೈದ್ಯರ ಪ್ರಯತ್ನವಾಗಿತ್ತು. ಆ ಪ್ರಯತ್ನ ಅಪೂರ್ಣವಾಗಿ ಉಳಿದಿದೆ. ಅವರ ಉತ್ತರಗಳಲ್ಲಿ ಕೆಲವನ್ನು ಇಂದು ಒಪ್ಪುವುದು ಕಷ್ಟ. ಆದರೆ ಇನ್ನೊಬ್ಬನನ್ನು ವಿಷಯವನ್ನಾಗಿ ಮಾಡಿಕೊಳ್ಳುವ ಪ್ರತಿಯೊಬ್ಬನೂ ಅವನ ಸ್ಥಾನದಲ್ಲಿ ತಾನು ನಿಂತಿರುವುದನ್ನು ಕಾಣಬೇಕೆಂಬ ಅವರ ನಿಲುವು ವೈದ್ಯನಿಗೆ ಸಲ್ಲುವಷ್ಟೇ ವಿಮರ್ಶಕನಿಗೂ ಸಲ್ಲುತ್ತದೆ.